ಒಂದು ತೀರ್ಮಾನಕ್ಕೆ ಒಂದೇ ಜಾಗ: ಲೇಔಟ್ ಮರುಬಳಕೆ ಬೇಡವೆನ್ನುವವರಿಗೆ ಪ್ರತ್ಯುತ್ತರ

ಒಂದೇ ಬಗೆಯ ಲೇಔಟ್ ಹತ್ತಾರು ಸ್ಕ್ರೀನ್‌ಗಳಲ್ಲಿ ಬೇಕಾದಾಗ ಏನು ಮಾಡಬೇಕು? ಒಂದು ಕಡೆ ಬರೆದಿಟ್ಟು ಎಲ್ಲ ಕಡೆಯಿಂದ ಕರೆಯಬೇಕೆ, ಇಲ್ಲವೆ ಬೇಕಾದಲ್ಲೆಲ್ಲ ಕಾಪಿ ಮಾಡಿ ಪೇಸ್ಟ್ ಮಾಡಿ ಮುಂದೆ ಹೋಗಬೇಕೆ? ಮೊಬೈಲ್ ಆ್ಯಪ್ ಬರೆಯುವ ಟೀಮುಗಳಲ್ಲಿ ಈ ಜಗಳ ಹಳೆಯದು, ಇನ್ನೂ ಮುಗಿದಿಲ್ಲ. ಒಂದು ಕಡೆ ಬರೆಯಬೇಕು ಎಂಬುದು ನನ್ನ ಪಕ್ಷ. ಎದುರು ಪಕ್ಷದವರು ಸೋಮಾರಿಗಳಲ್ಲ, ಕೆಲಸ ತಿಳಿಯದವರೂ ಅಲ್ಲ. ಅವರ ಕೆಲವು ವಾದಗಳ ಹಿಂದೆ ಗಟ್ಟಿ ಅನುಭವವಿದೆ. ಹಾಗಾಗಿಯೇ ಅವನ್ನು ಸಾರಾಸಗಟಾಗಿ ತಳ್ಳಿಹಾಕದೆ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುತ್ತೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಟರ್‌ನೆಟ್ ಸಿಗದಾಗ ಆ್ಯಪ್ ತೋರಿಸುವ ತುಣುಕು: ಮೇಲೊಂದು ಐಕಾನ್, ಅದರ ಕೆಳಗೆ ‘ಸಂಪರ್ಕ ಸಿಗುತ್ತಿಲ್ಲ’ ಎಂಬ ಸಾಲು, ಅದರ ಕೆಳಗೆ ‘ಮತ್ತೆ ಪ್ರಯತ್ನಿಸಿ’ ಎಂಬ ಬಟನ್. ಇಪ್ಪತ್ತು ಸ್ಕ್ರೀನ್ ಇರುವ ಆ್ಯಪ್ ಎಂದುಕೊಳ್ಳಿ. ಇಪ್ಪತ್ತರಲ್ಲೂ ಈ ತುಣುಕು ಬೇಕು. ಆಂಡ್ರಾಯ್ಡ್‌ನ ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಇದನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಬೇಕಾದ ಸ್ಕ್ರೀನಿನಲ್ಲಿ ‘ಇನ್‌ಕ್ಲೂಡ್’ ಎಂಬ ಒಂದು ಟ್ಯಾಗ್ ಹಾಕಿದರೆ ಸಾಕು. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಅದೊಂದು ಫಂಕ್ಷನ್, ಫ್ಲಟರ್‌ನಲ್ಲಿ ಒಂದು ವಿಜೆಟ್, ಐಫೋನಿನ ಸ್ವಿಫ್ಟ್‌ಯುಐನಲ್ಲಿ ಒಂದು ವ್ಯೂ. ಹೆಸರು ಬೇರೆ, ತತ್ತ್ವ ಒಂದೇ. ಈಗ ಆಕ್ಷೇಪಗಳಿಗೆ ಬರೋಣ.

1. ‘ಡೆಡ್‌ಲೈನ್ ತಲೆಮೇಲಿದೆ, ಕಾಪಿ-ಪೇಸ್ಟ್ ಬೇಗ ಆಗುತ್ತದೆ’

ಬರೆಯುವ ಹೊತ್ತನ್ನಷ್ಟೇ ಲೆಕ್ಕ ಹಾಕಿದರೆ ಈ ಮಾತು ನಿಜ. ಪೇಸ್ಟ್ ಮಾಡಲು ಅರೆ ನಿಮಿಷ. ತುಣುಕನ್ನು ಬಿಡಿಸಿ ಬೇರೆ ಫೈಲಿಗೆ ಹಾಕಿ, ಹೆಸರಿಟ್ಟು, ಏನು ಬದಲಾಗುತ್ತದೆ ಏನು ಬದಲಾಗುವುದಿಲ್ಲ ಎಂದು ಯೋಚಿಸಲು ಅದಕ್ಕಿಂತ ಹೆಚ್ಚು. ಆದರೆ ಆ್ಯಪ್ ಎಂಬುದು ಒಮ್ಮೆ ಬರೆದು ಮುಗಿಸುವ ವಸ್ತುವಲ್ಲ. ಅದರ ಆಯುಷ್ಯದ ಹೆಚ್ಚಿನ ಪಾಲು ಬದಲಾವಣೆಯಲ್ಲೇ ಕಳೆಯುತ್ತದೆ. ಎಷ್ಟೋ ಬದಲಾವಣೆಗಳು ನಮ್ಮನ್ನು ಕೇಳಿ ಬರುವುದೂ ಇಲ್ಲ.

ಎರಡು ನಿದರ್ಶನ ಕೊಡುತ್ತೇನೆ. 2023ರ ಆಂಡ್ರಾಯ್ಡ್ 14, ಬಳಕೆದಾರರು ಅಕ್ಷರಗಳನ್ನು ಶೇ. 200ರವರೆಗೆ ದೊಡ್ಡದು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಕೂತಿದ್ದ ಬಟನ್‌ಗಳಲ್ಲಿ ಅಕ್ಷರ ಹಿಡಿಸದೇ ಹೋಯಿತು. 2024ರ ಆಂಡ್ರಾಯ್ಡ್ 15 ಇನ್ನೂ ದೊಡ್ಡ ಬದಲಾವಣೆ ತಂದಿತು. ಆ ಆವೃತ್ತಿಯನ್ನು ಗುರಿಯಾಗಿಟ್ಟುಕೊಂಡ ಆ್ಯಪ್‌ಗಳ ಸ್ಕ್ರೀನ್, ಅಂಚಿನಿಂದ ಅಂಚಿಗೆ ಹರಡುವುದು ಕಡ್ಡಾಯವಾಯಿತು. ಮೇಲಿನ ಗಡಿಯಾರ, ಬ್ಯಾಟರಿ ಗುರುತುಗಳ ಪಟ್ಟಿಯ ಕೆಳಗೂ ನಮ್ಮ ಲೇಔಟ್ ಹಾಯುತ್ತದೆ. ಅಂತರವನ್ನು ನಾವೇ ಲೆಕ್ಕ ಹಾಕಿ ಬಿಡದಿದ್ದರೆ ನಮ್ಮ ಟೂಲ್‌ಬಾರ್‌ನ ಶೀರ್ಷಿಕೆ ಹೋಗಿ ಗಡಿಯಾರದ ಮೇಲೆ ಕೂರುತ್ತದೆ. 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರಿಗೆ ಹೊಸ ಆ್ಯಪ್ ಆಗಲಿ, ಅಪ್‌ಡೇಟ್ ಆಗಲಿ ಸೇರಬೇಕಾದರೆ ಆಂಡ್ರಾಯ್ಡ್ 15 ಅನ್ನು ಇಲ್ಲವೆ ಅದಕ್ಕಿಂತ ಹೊಸದನ್ನು ಗುರಿಯಾಗಿಸಬೇಕೆಂಬ ನಿಯಮವೂ ಬಂತು.

ಟೂಲ್‌ಬಾರ್ ಒಂದೇ ಫೈಲಿನಲ್ಲಿದ್ದವರು ಆ ಒಂದು ಫೈಲನ್ನು ತಿದ್ದಿದರು. ಇಪ್ಪತ್ತು ಕಡೆ ಪೇಸ್ಟ್ ಮಾಡಿದ್ದವರು ಇಪ್ಪತ್ತು ಫೈಲು ತೆರೆದರು. ಆ ಇಪ್ಪತ್ತೂ ಅಷ್ಟರಲ್ಲಿ ಚೂರುಪಾರು ಬೇರೆಯಾಗಿರುವುದರಿಂದ ಹುಡುಕಿ-ಬದಲಿಸುವ ಉಪಾಯವೂ ನಡೆಯುವುದಿಲ್ಲ. ಒಂದರಲ್ಲಿ ಅಂತರ 16 ಡಿಪಿ, ಇನ್ನೊಂದರಲ್ಲಿ 14. ಒಂದರಲ್ಲಿ ಐಡಿಯ ಹೆಸರು ‘ಟೂಲ್‌ಬಾರ್’, ಇನ್ನೊಂದರಲ್ಲಿ ‘ಟಾಪ್‌ಬಾರ್’. ಡೆಡ್‌ಲೈನ್ ಹೆಸರಿನಲ್ಲಿ ಉಳಿಸಿದ ಸಮಯ, ಮುಂದಿನ ಡೆಡ್‌ಲೈನ್ ಹೊತ್ತಿಗೆ ಬಡ್ಡಿ ಸಮೇತ ವಸೂಲಾಗುತ್ತದೆ.

2. ‘ತಪ್ಪಾಗಿ ಹಂಚಿಕೊಂಡ ಕೋಡಿಗಿಂತ ನಕಲೇ ಮೇಲು’

ಎದುರು ಪಕ್ಷದ ಅತ್ಯಂತ ಬಲವಾದ ವಾದ ಇದು. ಇದನ್ನು ಹೇಳುವವರು ಸಾಮಾನ್ಯವಾಗಿ ಅಮೆರಿಕದ ಪ್ರೋಗ್ರಾಮರ್ ಸ್ಯಾಂಡಿ ಮೆಟ್ಸ್ ಅವರ 2016ರ ಲೇಖನವನ್ನು ಮುಂದಿಡುತ್ತಾರೆ. ತಪ್ಪಾದ ಸಾಮಾನ್ಯೀಕರಣಕ್ಕೆ ತೆರುವ ಬೆಲೆಗಿಂತ ನಕಲಿಗೆ ತೆರುವ ಬೆಲೆ ಎಷ್ಟೋ ಕಡಿಮೆ ಎಂಬುದು ಅದರ ಸಾರ.

ಮೆಟ್ಸ್ ವರ್ಣಿಸುವ ರೋಗ ನಿಜವಾದದ್ದು. ನಮ್ಮ ಸಂಪರ್ಕ-ದೋಷದ ತುಣುಕನ್ನೇ ನೋಡಿ. ಮೊದಲು ಚೊಕ್ಕಟವಾಗಿತ್ತು. ಒಂದು ಸ್ಕ್ರೀನಿಗೆ ಐಕಾನ್ ಬೇಡವೆಂದರು. ‘ಐಕಾನ್ ತೋರಿಸಬೇಕೆ’ ಎಂಬ ಹೌದು-ಅಲ್ಲ ಆಯ್ಕೆ ಸೇರಿತು. ಇನ್ನೊಂದರಲ್ಲಿ ಎರಡು ಬಟನ್ ಬೇಕೆಂದರು; ‘ಎರಡನೇ ಬಟನ್ ಇದೆಯೆ’ ಸೇರಿತು. ಮತ್ತೊಂದು ಪಟ್ಟಿಯೊಳಗೆ ಕೂರಬೇಕಿತ್ತು, ‘ಚಿಕ್ಕದೆ’ ಸೇರಿತು. ವರ್ಷ ಕಳೆಯುವುದರೊಳಗೆ ಆ ತುಣುಕಿಗೆ ಎಂಟು ಆಯ್ಕೆಗಳು. ಎಂಟೂ ಹೌದು-ಅಲ್ಲ ಎಂದರೆ 256 ರೂಪಗಳು ಸಾಧ್ಯ. ಅವುಗಳಲ್ಲಿ ಯಾವುದು ಎಲ್ಲಿ ಬಳಕೆಯಲ್ಲಿದೆ ಎಂದು ಟೀಮಿನಲ್ಲಿ ಯಾರಿಗೂ ಗೊತ್ತಿಲ್ಲ. ಮುಟ್ಟಲು ಎಲ್ಲರಿಗೂ ಭಯ.

ಆದರೆ ಆ ಲೇಖನ ಹೇಳುವ ಮದ್ದು ಯಾವುದೆಂದು ನೋಡಬೇಕು. ಹಂಚಿಕೊಂಡ ಕೋಡನ್ನು ಬಳಸುವ ಜಾಗಗಳಿಗೇ ಮರಳಿ ಹಾಕಿ, ಪ್ರತಿಯೊಂದು ಜಾಗಕ್ಕೂ ಬೇಡದ್ದನ್ನು ಕಿತ್ತುಹಾಕಿ, ಆಮೇಲೆ ನಿಜವಾಗಿಯೂ ಸಮಾನವಾದದ್ದು ಯಾವುದೆಂದು ಮತ್ತೆ ಗುರುತಿಸಿ ಎಂಬುದು ಅವರ ಸಲಹೆ. ನಕಲಿಗೆ ಮರಳುವುದು ಅಲ್ಲಿ ನಡುವಿನ ಒಂದು ಹೆಜ್ಜೆ ಮಾತ್ರ. ಆ ಲೇಖನವನ್ನು ಹಿಡಿದುಕೊಂಡು ಇಪ್ಪತ್ತು ನಕಲುಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಎಂಟು ಆಯ್ಕೆಗಳ ರೋಗಕ್ಕೆ ನೇರ ಮದ್ದು ಇಂದು ಕೈಗೆಟಕುವಷ್ಟು ಹತ್ತಿರವಿದೆ. ತುಣುಕಿನೊಳಗೆ ಪ್ರಶ್ನೆಗಳನ್ನು ತುಂಬುವ ಬದಲು ಖಾಲಿ ಜಾಗಗಳನ್ನು ಬಿಡಬೇಕು. 2021ರ ಜುಲೈನಲ್ಲಿ 1.0 ಆವೃತ್ತಿ ಕಂಡ ಜೆಟ್‌ಪ್ಯಾಕ್ ಕಂಪೋಸ್ ಈ ಪದ್ಧತಿಯನ್ನು ‘ಸ್ಲಾಟ್’ ಎಂದು ಕರೆಯುತ್ತದೆ. ಅದರ ಬಟನ್‌ಗೆ ‘ಐಕಾನ್ ಇದೆಯೆ, ಬಲಗಡೆಯೊ ಎಡಗಡೆಯೊ’ ಎಂಬ ಪ್ರಶ್ನೆಗಳೇ ಇಲ್ಲ. ಒಳಗೆ ಏನು ಕೂರಬೇಕೋ ಅದನ್ನು ಕರೆಯುವವರೇ ಕೊಡುತ್ತಾರೆ. ಸ್ಕ್ಯಾಫೋಲ್ಡ್ ಎಂಬ ಅದರ ಚೌಕಟ್ಟಿನಲ್ಲಿ ಮೇಲಿನ ಪಟ್ಟಿಗೊಂದು ಜಾಗ, ಕೆಳಗಿನ ಪಟ್ಟಿಗೊಂದು ಜಾಗ, ನಡುವಿನ ವಿಷಯಕ್ಕೊಂದು ಜಾಗ. ಫ್ಲಟರ್‌ನಲ್ಲೂ ಅದೇ ಹೆಸರಿನ, ಅದೇ ಬಗೆಯ ಚೌಕಟ್ಟಿದೆ. ನಮ್ಮ ತುಣುಕೂ ಹಾಗೇ ಆಗಲಿ: ಅಂತರ, ಜೋಡಣೆ, ಹಿನ್ನೆಲೆ ಬಣ್ಣ ಅದರ ಜವಾಬ್ದಾರಿ, ಕೆಳಗಿನ ಜಾಗದಲ್ಲಿ ಒಂದು ಬಟನ್ ಇಡುವುದೋ ಎರಡೋ ಎಂಬುದು ಸ್ಕ್ರೀನಿನ ಜವಾಬ್ದಾರಿ.

ಯಾವುದನ್ನು ಒಂದಾಗಿಸಬೇಕು, ಯಾವುದನ್ನು ಬೇರೆಯಾಗಿಯೇ ಬಿಡಬೇಕು ಎಂಬುದಕ್ಕೂ ಅಳತೆಗೋಲಿದೆ. 1999ರಲ್ಲಿ ಬಂದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ಆಂಡಿ ಹಂಟ್ ಮತ್ತು ಡೇವ್ ಥಾಮಸ್ ಪುನರಾವರ್ತನೆ ಬೇಡವೆಂದದ್ದು ಸಾಲುಗಳ ಬಗ್ಗೆಯಲ್ಲ, ತಿಳಿವಳಿಕೆಯ ಬಗ್ಗೆ. ಎರಡು ಬ್ಲಾಕುಗಳು ಕಣ್ಣಿಗೆ ಒಂದೇ ಥರ ಕಂಡವೆಂದು ಒಂದಾಗಿಸಬೇಕಿಲ್ಲ. ‘ಇದು ಬದಲಾದರೆ ಅದೂ ಬದಲಾಗಲೇಬೇಕೆ?’ ಎಂದು ಕೇಳಿಕೊಳ್ಳಬೇಕು. ಹೌದಾದರೆ ಅವೆರಡೂ ಒಂದೇ ತೀರ್ಮಾನದ ಎರಡು ಪ್ರತಿಗಳು, ಒಂದಾಗಬೇಕು. ಅಲ್ಲವಾದರೆ ಅವು ಆಕಸ್ಮಿಕವಾಗಿ ಹೋಲುತ್ತಿವೆ, ಬಿಡಬೇಕು. ‘ಲಾಗಿನ್’ ಬಟನ್ನೂ ‘ಖಾತೆ ಅಳಿಸಿ’ ಬಟನ್ನೂ ಇಂದು ಒಂದೇ ಆಕಾರದಲ್ಲಿರಬಹುದು. ಅವುಗಳ ನಡುವೆ ಬಣ್ಣ, ಅಂಚು, ಅಕ್ಷರದ ಗಾತ್ರ ಹೇಳುವ ಸ್ಟೈಲ್ ಹಂಚಿಕೆಯಾದರೆ ಸಾಕು, ಲೇಔಟ್ ಬೇಡ. ಅನುಮಾನವಿದ್ದರೆ ಮಾರ್ಟಿನ್ ಫೌಲರ್ ತಮ್ಮ ‘ರಿಫ್ಯಾಕ್ಟರಿಂಗ್’ ಪುಸ್ತಕದಲ್ಲಿ ಡಾನ್ ರಾಬರ್ಟ್ಸ್ ಹೆಸರಿನಲ್ಲಿ ದಾಖಲಿಸಿರುವ ನಿಯಮವಿದೆ: ಎರಡನೆಯ ಸಲ ಸಹಿಸಿಕೊಳ್ಳಿ, ಮೂರನೆಯ ಸಲ ಬಂದರೆ ಒಂದಾಗಿಸಿ. ಮೂರನೆಯದು ಬರುವವರೆಗೆ ಕಾಯಿರಿ ಎಂದರೆ ಇಪ್ಪತ್ತನೆಯದು ಬರುವವರೆಗೆ ಕಾಯಿರಿ ಎಂದಲ್ಲ.

3. ‘ಇನ್‌ಕ್ಲೂಡ್ ಹೆಚ್ಚಾದರೆ ಆ್ಯಪ್ ನಿಧಾನವಾಗುತ್ತದೆ’

ಇನ್‌ಕ್ಲೂಡ್ ಟ್ಯಾಗ್ ತಾನಾಗಿ ಸ್ಕ್ರೀನಿಗೆ ಒಂದೂ ವ್ಯೂ ಸೇರಿಸುವುದಿಲ್ಲ. ಲೇಔಟ್ ಕಟ್ಟುವ ಹೊತ್ತಿನಲ್ಲಿ ಆ ಫೈಲಿನ ವಿಷಯವನ್ನು ತಂದು ಅಲ್ಲಿ ಕೂರಿಸುವುದಷ್ಟೇ ಅದರ ಕೆಲಸ. ಭಾರ ಬರುವುದು ಬೇರೆ ಕಡೆಯಿಂದ. ಸೇರಿಸಿದ ಫೈಲಿನ ಹೊರಗೊಂದು ಲೀನಿಯರ್ ಲೇಔಟ್, ಅದನ್ನು ಕರೆದ ಕಡೆ ಮತ್ತೊಂದು ಲೀನಿಯರ್ ಲೇಔಟ್. ಹೀಗೆ ಡಬ್ಬಿಯೊಳಗೆ ಡಬ್ಬಿ ಆದಾಗ ಅಳೆಯುವ ಕೆಲಸ ಹೆಚ್ಚುತ್ತದೆ. ಇದಕ್ಕೆ ಆಂಡ್ರಾಯ್ಡ್ ‘ಮರ್ಜ್’ ಟ್ಯಾಗ್ ಕೊಟ್ಟಿದೆ. ಹೊರಗಿನ ಡಬ್ಬಿಯನ್ನು ತೆಗೆದು ಒಳಗಿನದ್ದನ್ನು ಮಾತ್ರ ತಾಯಿ ಲೇಔಟಿಗೆ ಸೇರಿಸುತ್ತದೆ. ಆಂಡ್ರಾಯ್ಡ್ ತಂಡದಲ್ಲಿದ್ದ ರೊಮೇನ್ ಗೀ 2009ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. ಅಷ್ಟು ಹಳೆಯ ಪರಿಹಾರವಿರುವ ತೊಂದರೆಯನ್ನು ಇಂದಿಗೂ ಕಾರಣವಾಗಿ ಮುಂದಿಡುವುದು ಸರಿಯಲ್ಲ.

ಇನ್ನು ವೇಗದ ಲೆಕ್ಕವನ್ನೇ ಹಿಡಿದರೆ ನಕಲಿನ ಕಡೆಗೇ ಸೋಲು. ಪೇಸ್ಟ್ ಮಾಡಿದ ದೋಷದ ತುಣುಕು ಪ್ರತಿ ಸ್ಕ್ರೀನಿನಲ್ಲೂ ‘ಗಾನ್’ ಎಂಬ ಸ್ಥಿತಿಯಲ್ಲಿ ಅಡಗಿ ಕೂತಿರುತ್ತದೆ. ಸಂಪರ್ಕ ಚೆನ್ನಾಗಿದ್ದರೂ, ಆ ತುಣುಕು ಎಂದೂ ಕಾಣದಿದ್ದರೂ, ಸ್ಕ್ರೀನ್ ತೆರೆದಾಗಲೆಲ್ಲ ಅದರ ಐಕಾನ್, ಸಾಲು, ಬಟನ್ ಎಲ್ಲವೂ ಮೆಮೊರಿಯಲ್ಲಿ ಹುಟ್ಟುತ್ತವೆ. ಅದೇ ತುಣುಕು ಬೇರೆ ಫೈಲಿನಲ್ಲಿದ್ದರೆ ವ್ಯೂಸ್ಟಬ್ ಬಳಸಬಹುದು. ಅದು ಗಾತ್ರವೇ ಇಲ್ಲದ ಒಂದು ಗುರುತು. ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಮಾತ್ರ ನಿಜವಾದ ಲೇಔಟನ್ನು ತಂದು ನಿಲ್ಲಿಸುತ್ತದೆ. ವ್ಯೂಸ್ಟಬ್ ತರುವ ಫೈಲಿನ ಹೊರಗೆ ಮರ್ಜ್ ಇರುವಂತಿಲ್ಲ ಎಂಬ ಒಂದು ನಿಯಮ ನೆನಪಿಟ್ಟರೆ ಆಯಿತು.

ಹೊಸ ಪದ್ಧತಿಗಳಲ್ಲಂತೂ ಬಿಡಿಸಿ ಬರೆದದ್ದಕ್ಕೇ ಲಾಭ. ಇನ್‌ಪುಟ್ ಬದಲಾಗದ ಫಂಕ್ಷನನ್ನು ಮತ್ತೆ ನಡೆಸದೆ ಬಿಟ್ಟುಬಿಡುವ ಶಕ್ತಿ ಕಂಪೋಸ್‌ಗಿದೆ. ಇಡೀ ಸ್ಕ್ರೀನನ್ನು ಒಂದೇ ಉದ್ದನೆಯ ಫಂಕ್ಷನ್ ಆಗಿ ಬರೆದರೆ ಬಿಡಲು ಅದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಫ್ಲಟರ್‌ನ ಅಧಿಕೃತ ಕೈಪಿಡಿಯೂ ಮರುಬಳಕೆಯ ತುಣುಕನ್ನು ಪ್ರತ್ಯೇಕ ವಿಜೆಟ್ ಆಗಿಯೇ ಬರೆಯಲು, ಸಾಧ್ಯವಾದಲ್ಲಿ ‘ಕಾನ್ಸ್ಟ್’ ಆಗಿ ಕಟ್ಟಲು ಹೇಳುತ್ತದೆ.

4. ‘ಇನ್‌ಕ್ಲೂಡ್‌ನಲ್ಲಿ ಗುಂಡಿಗಳಿವೆ, ಬಗ್ ಹುಡುಕಿ ಸುಸ್ತಾಗುತ್ತದೆ’

ಗುಂಡಿಗಳಿವೆ, ಒಪ್ಪಿದೆ. ಅವನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಮುಖ್ಯವಾದ ಮೂರನ್ನು ಹೇಳುತ್ತೇನೆ.

ಮೊದಲನೆಯದು: ಇನ್‌ಕ್ಲೂಡ್ ಟ್ಯಾಗಿನಲ್ಲಿ ಅಂಚು, ಜೋಡಣೆ ಮುಂತಾದ ಲೇಔಟ್ ಗುಣಗಳನ್ನು ಬದಲಿಸಬೇಕಾದರೆ ಅಗಲ ಮತ್ತು ಎತ್ತರ ಎರಡನ್ನೂ ಅಲ್ಲೇ ಬರೆಯಬೇಕು. ಬರೆಯದಿದ್ದರೆ ನಾವು ಕೊಟ್ಟ ಅಂಚಿಗೆ ಕಿಮ್ಮತ್ತೇ ಇರುವುದಿಲ್ಲ. ಆ್ಯಪ್ ನಡೆಯುವಾಗ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಎರಡನೆಯದು: ಇನ್‌ಕ್ಲೂಡ್‌ಗೆ ಕೊಟ್ಟ ಐಡಿ, ಒಳಗಿನ ಮೂಲ ವ್ಯೂನ ಐಡಿಯನ್ನು ಅಳಿಸಿ ತಾನು ಕೂರುತ್ತದೆ. ಒಳಗೆ ಮರ್ಜ್ ಇದ್ದರೆ ಕೂರಲು ಮೂಲ ವ್ಯೂ ಎಂಬುದೇ ಇಲ್ಲ. ಆಗ ವ್ಯೂ ಬೈಂಡಿಂಗ್ ಆ ಐಡಿಯನ್ನು ಹುಡುಕಿ ಸಿಗದೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಪರಿಹಾರ: ಮರ್ಜ್ ಇರುವ ಕಡೆ ಇನ್‌ಕ್ಲೂಡ್‌ಗೆ ಐಡಿ ಕೊಡದೆ, ಆ ತುಣುಕಿನ ಬೈಂಡಿಂಗ್ ಕ್ಲಾಸಿನ ‘ಬೈಂಡ್’ ಅನ್ನು ತಾಯಿ ವ್ಯೂ ಮೇಲೆ ಕರೆಯುವುದು.

ಮೂರನೆಯದು ಹೆಚ್ಚು ಸೂಕ್ಷ್ಮ. ಒಂದೇ ಸ್ಕ್ರೀನಿನಲ್ಲಿ ವಿಳಾಸದ ತುಣುಕನ್ನು ಎರಡು ಸಲ ಸೇರಿಸಿದ್ದೀರಿ: ಮೇಲೆ ಸಾಮಾನು ತಲುಪಿಸಬೇಕಾದ ವಿಳಾಸ, ಕೆಳಗೆ ಬಿಲ್ಲಿನ ವಿಳಾಸ. ಬಳಕೆದಾರರು ಮೇಲಿನ ಊರಿನ ಜಾಗದಲ್ಲಿ ಧಾರವಾಡ ಎಂದೂ ಕೆಳಗಿನದರಲ್ಲಿ ಮೈಸೂರು ಎಂದೂ ತುಂಬುತ್ತಾರೆ. ಫೋನು ಅಡ್ಡ ತಿರುಗುತ್ತದೆ. ಸ್ಕ್ರೀನ್ ಮತ್ತೆ ಕಟ್ಟಿಕೊಂಡಾಗ ಎರಡೂ ಕಡೆ ಮೈಸೂರು! ಕಾರಣ ಇಷ್ಟೆ: ಆಂಡ್ರಾಯ್ಡ್ ಪ್ರತಿ ವ್ಯೂನ ಸ್ಥಿತಿಯನ್ನು ಐಡಿಯ ಹೆಸರಿನಲ್ಲಿ ಒಂದು ಪಟ್ಟಿಯೊಳಗೆ ಉಳಿಸುತ್ತದೆ. ಎರಡು ತುಣುಕುಗಳ ಒಳಗಿನ ಐಡಿಗಳೂ ಒಂದೇ ಆದ್ದರಿಂದ ಕೆಳಗಿನದು ಮೇಲಿನದನ್ನು ಅಳಿಸಿ ಬರೆಯುತ್ತದೆ. ಮರಳಿ ಓದುವಾಗ ಎರಡಕ್ಕೂ ಸಿಗುವುದು ಅದೇ ಒಂದು. ಪರಿಹಾರವೆಂದರೆ ವಿಳಾಸದ ತುಣುಕನ್ನು ಒಂದು ಕಸ್ಟಮ್ ವ್ಯೂ ಆಗಿ ಮಾಡಿ, ಮಕ್ಕಳ ಸ್ಥಿತಿಯನ್ನು ಅದೇ ತನ್ನೊಳಗೆ ಪ್ರತ್ಯೇಕವಾಗಿ ಕಟ್ಟಿಟ್ಟುಕೊಳ್ಳುವಂತೆ ಬರೆಯುವುದು. ಆಗ ಹೊರಗಿನ ಎರಡು ಐಡಿಗಳು ಬೇರೆ ಇದ್ದರೆ ಸಾಕು.

ಈ ಮೂರೂ ಗೊತ್ತಿರುವ ಗುಂಡಿಗಳು. ಒಮ್ಮೆ ತುಣುಕಿನೊಳಗೆ ಮುಚ್ಚಿದರೆ ಅದನ್ನು ಬಳಸುವ ಎಲ್ಲ ಸ್ಕ್ರೀನ್‌ಗಳಿಗೂ ಮುಚ್ಚಿದಂತೆ. ನಕಲು ಮಾಡುವವರು ಇವನ್ನು ದಾಟಲು ಏನು ಮಾಡುತ್ತಾರೆ? ‘ಊರು1’, ‘ಊರು2’, ‘ಪಿನ್‌ಕೋಡ್1’, ‘ಪಿನ್‌ಕೋಡ್2’ ಎಂದು ಐಡಿಗಳಿಗೆ ಬಾಲ ಹಚ್ಚುತ್ತಾರೆ. ಆಮೇಲೆ ಪಿನ್‌ಕೋಡಿನಲ್ಲಿ ಆರು ಅಂಕಿ ಇದೆಯೆ ಎಂದು ನೋಡುವ ಕೋಡೂ ಎರಡಾಗುತ್ತದೆ, ತಪ್ಪಿದ್ದರೆ ಕೆಂಪು ಸಾಲು ತೋರಿಸುವ ಕೋಡೂ ಎರಡಾಗುತ್ತದೆ. ಲೇಔಟಿನ ನಕಲು ಲೇಔಟಿಗೇ ನಿಲ್ಲುವುದಿಲ್ಲ.

‘ಫೈಲು ತೆರೆದರೆ ಪೂರ್ತಿ ಸ್ಕ್ರೀನ್ ಒಂದೇ ಕಡೆ ಕಾಣುವುದಿಲ್ಲ’ ಎಂಬ ದೂರೂ ಇದರ ಜೊತೆ ಬರುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದ ಪ್ರಿವ್ಯೂನಲ್ಲಿ ಇನ್‌ಕ್ಲೂಡ್ ಮಾಡಿದ್ದು ತುಂಬಿಕೊಂಡೇ ಕಾಣುತ್ತದೆ. ತುಣುಕಿನ ಫೈಲಿನಲ್ಲಿ ‘ಶೋ ಇನ್’ ಎಂಬ ಟೂಲ್ಸ್ ಗುಣ ಬರೆದರೆ ಅದು ಯಾವ ಸ್ಕ್ರೀನಿನೊಳಗೆ ಹೇಗೆ ಕೂರುತ್ತದೆಂದೂ ನೋಡಬಹುದು.

5. ‘ಮರುಬಳಕೆ ಸರಿ, ಅದಕ್ಕೆ ಬೇಸ್ ಆಕ್ಟಿವಿಟಿ ಇದೆಯಲ್ಲ’

ಇವರು ಮರುಬಳಕೆಯ ವಿರೋಧಿಗಳಲ್ಲ, ದಾರಿ ಬೇರೆ ಹಿಡಿದವರು. ಟೂಲ್‌ಬಾರ್, ಲೋಡಿಂಗ್ ಚಕ್ರ, ದೋಷದ ತುಣುಕು ಎಲ್ಲವನ್ನೂ ಒಂದು ಬೇಸ್ ಕ್ಲಾಸಿನಲ್ಲಿಟ್ಟು, ಉಳಿದ ಸ್ಕ್ರೀನ್‌ಗಳು ಅದರಿಂದ ಇನ್‌ಹೆರಿಟ್ ಆಗಲಿ ಎನ್ನುತ್ತಾರೆ. ಆರಂಭದಲ್ಲಿ ಇದು ಹಾಯಾಗಿ ನಡೆಯುತ್ತದೆ. ಆದರೆ ಜಾವಾ ಆಗಲಿ ಕೋಟ್ಲಿನ್ ಆಗಲಿ ಒಂದು ಕ್ಲಾಸಿಗೆ ಒಂದೇ ತಾಯಿಯನ್ನು ಕೊಡುತ್ತವೆ. ಅದೇ ದೋಷದ ತುಣುಕು ನಾಳೆ ಒಂದು ಫ್ರಾಗ್ಮೆಂಟಿನಲ್ಲಿ ಬೇಕಾಗುತ್ತದೆ, ಇಲ್ಲವೆ ಕೆಳಗಿನಿಂದ ಏಳುವ ಬಾಟಮ್ ಶೀಟಿನಲ್ಲಿ. ಅವು ಆಕ್ಟಿವಿಟಿಯಿಂದ ಇನ್‌ಹೆರಿಟ್ ಆಗಲಾರವು. ಆಗ ಬೇಸ್ ಫ್ರಾಗ್ಮೆಂಟ್ ಹುಟ್ಟುತ್ತದೆ, ಆಮೇಲೆ ಬೇಸ್ ಬಾಟಮ್ ಶೀಟ್ ಹುಟ್ಟುತ್ತದೆ. ಮರುಬಳಕೆಗೆಂದು ಹೊರಟವರ ಕೈಯಲ್ಲಿ ಮೂರು ನಕಲು ಉಳಿಯುತ್ತವೆ. ಟೂಲ್‌ಬಾರ್ ಬೇಡದ ಸ್ಕ್ರೀನೂ ತಾಯಿಯಿಂದ ಬಂದ ಟೂಲ್‌ಬಾರ್ ಅನ್ನು ಅಡಗಿಸಲು ಕೋಡ್ ಬರೆಯಬೇಕಾಗುತ್ತದೆ. ಬೇಕಾದ ತುಣುಕನ್ನು ಬೇಕಾದ ಸ್ಕ್ರೀನ್ ತಾನಾಗಿ ಜೋಡಿಸಿಕೊಳ್ಳುವ ದಾರಿಯಲ್ಲಿ ಈ ತೊಡಕಿಲ್ಲ.

6. ‘ಡಿಸೈನರ್ ಕೊಡುವುದೇ ಪ್ರತಿ ಸ್ಕ್ರೀನಿಗೂ ಬೇರೆ ಬೇರೆ’

ಡಿಸೈನರ್‌ಗಳು ಬಳಸುವ ಫಿಗ್ಮಾದಲ್ಲೂ ಕಾಂಪೊನೆಂಟ್ ಎಂಬುದಿದೆ. ಒಂದನ್ನು ತಿದ್ದಿದರೆ ಅದರ ಎಲ್ಲ ಪ್ರತಿಗಳೂ ಬದಲಾಗುತ್ತವೆ. ಎರಡು ಸ್ಕ್ರೀನ್‌ಗಳ ನಡುವೆ 2 ಡಿಪಿ ವ್ಯತ್ಯಾಸ ಕಂಡರೆ ಅದು ಬೇಕೆಂದೇ ಮಾಡಿದ್ದೋ ಕೈತಪ್ಪಿ ಆದದ್ದೋ ಎಂದು ಕೇಳುವುದು ಡೆವಲಪರ್ ಕೆಲಸ. ಬೇಕೆಂದೇ ಮಾಡಿದ್ದಾದರೆ ಅದಕ್ಕೊಂದು ಹೆಸರಿಟ್ಟು ತುಣುಕಿನ ಎರಡನೆಯ ರೂಪವಾಗಿ ದಾಖಲಿಸಿ. ಕೈತಪ್ಪಿದ್ದಾದರೆ ಅಲ್ಲೇ ಸರಿಪಡಿಸಿ. ಎರಡೂ ಸಂದರ್ಭದಲ್ಲಿ ಮರುಬಳಕೆಯ ಶಿಸ್ತು ಇಬ್ಬರನ್ನೂ ಒಂದೇ ಮಾತಿಗೆ ತರುತ್ತದೆ. ನಕಲು ಆ ಪ್ರಶ್ನೆಯನ್ನು ಕೇಳಲು ಬಿಡುವುದೇ ಇಲ್ಲ.

7. ‘ಈಗ ಎಐ ಬರೆದುಕೊಡುತ್ತದೆ, ನಕಲಾದರೆ ನಷ್ಟವೇನು?’

ಟೈಪ್ ಮಾಡುವ ಶ್ರಮ ಕಡಿಮೆಯಾಗಿದೆ, ನಿಜ. ಆದರೆ ಬರೆದದ್ದನ್ನು ಪರೀಕ್ಷಿಸುವ ಶ್ರಮ ಕಡಿಮೆಯಾಗಿಲ್ಲ. ನಮ್ಮ ತುಣುಕನ್ನು ಕನ್ನಡ, ಇಂಗ್ಲಿಷ್ ಎರಡು ಭಾಷೆಯಲ್ಲಿ ನೋಡಬೇಕು. ಬೆಳಕಿನ ಥೀಮ್, ಕತ್ತಲೆಯ ಥೀಮ್ ಎರಡರಲ್ಲಿ ನೋಡಬೇಕು. ಸಾಧಾರಣ ಅಕ್ಷರ, ದೊಡ್ಡ ಅಕ್ಷರ ಎರಡರಲ್ಲಿ ನೋಡಬೇಕು. ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು ನೋಟ. ಇಪ್ಪತ್ತು ನಕಲುಗಳಿದ್ದರೆ 160. ಒಂದೇ ತುಣುಕಾದರೆ ಅದರ ಎಂಟು ನೋಟ, ಜೊತೆಗೆ ಪ್ರತಿ ಸ್ಕ್ರೀನಿನಲ್ಲೂ ಅದು ಸರಿಯಾದ ಜಾಗದಲ್ಲಿ ಕೂತಿದೆಯೆ ಎಂದು ಇಪ್ಪತ್ತು ನೋಟ, ಒಟ್ಟು 28. ಯಾವ ಟೀಮೂ ಪ್ರತಿ ರಿಲೀಸಿಗೆ 160 ನೋಟ ನೋಡುವುದಿಲ್ಲ. 28 ನೋಡಬಹುದು.

ಎಐ ಒಂದೊಂದು ಸ್ಕ್ರೀನನ್ನು ಒಂದೊಂದು ಸಲ ಬರೆದಾಗ ಅದೇ ತುಣುಕು ಚೂರುಚೂರು ಬೇರೆಯಾಗಿ ಬರುತ್ತದೆ ಎಂಬುದೂ ನೆನಪಿರಲಿ. ‘ನಮ್ಮಲ್ಲಿ ಈ ಹೆಸರಿನ ತುಣುಕು ಇದೆ, ಅದನ್ನೇ ಬಳಸು’ ಎಂದು ಹೇಳಬೇಕಾದರೂ ಆ ಹೆಸರಿನ ತುಣುಕೊಂದು ಮೊದಲು ಇರಬೇಕು. ಯಂತ್ರ ಬೇಗ ಬರೆದಷ್ಟೂ ಹಂಚಿಕೊಂಡ ತುಣುಕುಗಳ ಅಗತ್ಯ ಹೆಚ್ಚುತ್ತದೆ.

8. ‘ಇದೆಲ್ಲ ಒಳಗಿನ ವಿಷಯ, ಬಳಕೆದಾರರಿಗೆ ಕಾಣುವುದೇ ಇಲ್ಲ’

ಈ ಮಾತಿಗೆ ಉತ್ತರಿಸಲೆಂದೇ ನಾನು ಇದನ್ನೆಲ್ಲ ಬರೆಯಲು ಕೂತದ್ದು. ಬಳಕೆದಾರರಿಗೆ ಕಾಣುತ್ತದೆ. ಕನ್ನಡದಲ್ಲಿ ಆ್ಯಪ್ ಬಳಸುವವರಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

‘ಮತ್ತೆ ಪ್ರಯತ್ನಿಸಿ’ ಬಟನ್ನನ್ನು ಹತ್ತಿರದಿಂದ ನೋಡಿ. ಇಂಗ್ಲಿಷಿನ ‘ರಿಟ್ರೈ’ ಐದು ಅಕ್ಷರದ ಒಂದು ಪದ. 36 ಡಿಪಿ ಎತ್ತರ ನಿಗದಿ ಮಾಡಿದ ಬಟನ್‌ನಲ್ಲಿ ಸುಖವಾಗಿ ಕೂರುತ್ತದೆ. ಕನ್ನಡದಲ್ಲಿ ಅದು ಎರಡು ಪದ. ‘ತ್ತೆ’ಯಲ್ಲಿ ಕೆಳಗೊಂದು ಒತ್ತು, ‘ಪ್ರ’ದಲ್ಲಿ ಕೆಳಗೊಂದು ಒತ್ತು, ‘ತ್ನಿ’ಯಲ್ಲಿ ಮೇಲೆ ಗುಡಿಸು, ಕೆಳಗೆ ನಕಾರದ ಒತ್ತು. ಸ್ವಲ್ಪ ಸಣ್ಣ ಫೋನಿನಲ್ಲಿ ಪದಗಳು ಎರಡು ಸಾಲಿಗೆ ಹರಿಯುತ್ತವೆ. ಎತ್ತರ ನಿಗದಿಯಾಗಿರುವುದರಿಂದ ಎರಡನೆಯ ಸಾಲಿನ ಒತ್ತುಗಳೆಲ್ಲ ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗುತ್ತವೆ. ಫಾಂಟಿನ ಸುತ್ತಲಿನ ಅಂತರವನ್ನೂ ಡೆವಲಪರ್ ತೆಗೆದುಹಾಕಿದ್ದರೆ ಒಂದೇ ಸಾಲಿದ್ದರೂ ಅದೇ ಗತಿ. 2018ರ ಆಂಡ್ರಾಯ್ಡ್ 9ರಲ್ಲಿ, ಅಕ್ಷರಕ್ಕೆ ಬದಲಿ ಫಾಂಟ್ ಬಳಕೆಯಾದಾಗ ಅದರ ಎತ್ತರಕ್ಕೆ ತಕ್ಕಂತೆ ಸಾಲಿನ ಅಂತರ ಹೊಂದಿಸುವ ಸೌಲಭ್ಯ ಬಂತು. ಆದರೆ ಬಟನ್ನಿನ ಎತ್ತರವನ್ನೇ ಕಟ್ಟಿಹಾಕಿದ್ದರೆ ಆ ಸೌಲಭ್ಯಕ್ಕೂ ಕೆಲಸ ಮಾಡಲು ಜಾಗವಿಲ್ಲ.

ಪರಿಹಾರ ಒಂದು ಸಾಲಿನದು: ನಿಗದಿತ ಎತ್ತರ ತೆಗೆದು, ಒಳಗಿನ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟು, ಕನಿಷ್ಠ ಎತ್ತರ ಮಾತ್ರ 48 ಡಿಪಿ ಎಂದು ಹೇಳುವುದು. ಆ 48, ಬೆರಳಿಗೆ ಸಿಗುವಷ್ಟು ಜಾಗ ಬೇಕೆಂದು ಆಂಡ್ರಾಯ್ಡ್‌ನ ಮಾರ್ಗಸೂಚಿಯೇ ಹೇಳುವ ಅಳತೆ. ಒಂದೇ ತುಣುಕಿದ್ದರೆ ಒಂದು ಸಾಲು ತಿದ್ದಿದೊಡನೆ ಇಪ್ಪತ್ತು ಸ್ಕ್ರೀನೂ ಸರಿ. ನಕಲುಗಳಿದ್ದರೆ? ದೂರು ಬಂದ ಸ್ಕ್ರೀನ್ ಸರಿಹೋಗುತ್ತದೆ. ಟೆಸ್ಟರ್ ದಿನವೂ ತೆರೆಯುವ ಮುಖಪುಟ, ಲಾಗಿನ್, ಪಾವತಿ ಸರಿಹೋಗುತ್ತವೆ. ಉಳಿದವು ಹಾಗೇ ಉಳಿಯುತ್ತವೆ.

ಉಳಿಯುವ ಆ ಸ್ಕ್ರೀನ್‌ಗಳು ಯಾವುವು? ಯಾರೂ ದಿನವೂ ತೆರೆಯದವು: ಹಣ ವಾಪಸು ಕೇಳುವ ಸ್ಕ್ರೀನ್, ದೂರು ದಾಖಲಿಸುವ ಸ್ಕ್ರೀನ್, ಟಿಕೆಟ್ ರದ್ದು ಮಾಡುವ ಸ್ಕ್ರೀನ್. ಅಲ್ಲಿಗೆ ಹೋಗುವವರು ಆಗಲೇ ತೊಂದರೆಯಲ್ಲಿರುವವರು. ಅಕ್ಷರ ದೊಡ್ಡದು ಮಾಡಿಕೊಂಡ ವಯಸ್ಸಾದವರು, ಇಂಗ್ಲಿಷ್ ಓದಲು ಬಾರದವರು, ನೆಟ್‌ವರ್ಕ್ ಕೈಕೊಟ್ಟ ಊರಿನಲ್ಲಿರುವವರು ಅಲ್ಲಿ ಅರ್ಧ ಕತ್ತರಿಸಿದ ಬಟನ್ ಎದುರು ನಿಲ್ಲುತ್ತಾರೆ. ಕೆಲವು ನಕಲುಗಳಲ್ಲಿ ಪದವನ್ನು ಲೇಔಟಿನಲ್ಲೇ ನೇರವಾಗಿ ಇಂಗ್ಲಿಷಿನಲ್ಲಿ ಬರೆದಿಟ್ಟಿರುತ್ತಾರೆ. ಅನುವಾದದ ಫೈಲಿನಲ್ಲಿ ಕನ್ನಡ ಸಿದ್ಧವಿದ್ದರೂ ಆ ಒಂದು ಸ್ಕ್ರೀನಿಗೆ ಅದು ತಲುಪುವುದಿಲ್ಲ.

ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಟಾಕ್‌ಬ್ಯಾಕ್ ಎಂಬ ಸಹಾಯಕ ತಂತ್ರಾಂಶ, ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುತ್ತದೆ. ಐಕಾನ್ ಮಾತ್ರ ಇರುವ ಬಟನ್ನಿಗೆ ವಿವರಣೆ ಬರೆಯದಿದ್ದರೆ ಅದು ಸಾಮಾನ್ಯವಾಗಿ ಹೆಸರಿಲ್ಲದ ಬಟನ್ ಎಂದಷ್ಟೇ ಹೇಳುತ್ತದೆ. ಒಂದು ನಕಲಿಗೆ ವಿವರಣೆ ಸೇರಿಸಿ ಇನ್ನೊಂದನ್ನು ಮರೆತರೆ, ಅದೇ ಬಟನ್ ಒಂದು ಸ್ಕ್ರೀನಿನಲ್ಲಿ ಮಾತಾಡುತ್ತದೆ, ಇನ್ನೊಂದರಲ್ಲಿ ಮೂಕವಾಗುತ್ತದೆ. ನಕಲಿನ ಬೆಲೆಯನ್ನು ಡೆವಲಪರ್ ಸಮಯದಲ್ಲಷ್ಟೇ ಲೆಕ್ಕ ಹಾಕುವವರು ಬಿಲ್ಲಿನ ದೊಡ್ಡ ಮೊತ್ತವನ್ನು ನೋಡಿಯೇ ಇಲ್ಲ. ಅದನ್ನು ತೆರುತ್ತಿರುವವರು ಬೇರೆಯವರು.

ಹಾಗಾದರೆ ಮಾಡಬೇಕಾದದ್ದೇನು?

ಇರುವ ಆ್ಯಪನ್ನು ಒಂದೇ ಏಟಿಗೆ ಒಡೆದು ಕಟ್ಟಿ ಎಂದು ನಾನು ಹೇಳುವುದಿಲ್ಲ. ಹೆಚ್ಚು ಕಡೆ ಬರುವ ಒಂದು ತುಣುಕಿನಿಂದ ಶುರುಮಾಡಿ. ದೋಷದ ತುಣುಕು ಒಳ್ಳೆಯ ಆರಂಭ. ಅದಕ್ಕೆ ಮಾಡುವ ಕೆಲಸ ಹೇಳುವ ಹೆಸರಿಡಿ. ಪದಗಳನ್ನೆಲ್ಲ ಅನುವಾದದ ಫೈಲಿಗೆ, ಅಂತರ-ಬಣ್ಣಗಳನ್ನೆಲ್ಲ ಸ್ಟೈಲಿಗೆ ಕಳಿಸಿ. ಬದಲಾಗುವ ಭಾಗಕ್ಕೆ ಹೌದು-ಅಲ್ಲ ಆಯ್ಕೆಗಳ ಬದಲು ಖಾಲಿ ಜಾಗ ಬಿಡಿ. ಕನ್ನಡದಲ್ಲಿ, ಅತಿ ದೊಡ್ಡ ಅಕ್ಷರದಲ್ಲಿ ಅದರ ಪ್ರಿವ್ಯೂ ತೆರೆದು ಒತ್ತುಗಳು ಪೂರ್ತಿ ಕಾಣುತ್ತಿವೆಯೆ ನೋಡಿ, ಟಾಕ್‌ಬ್ಯಾಕ್ ಹಾಕಿ ಕೇಳಿ. ಆಮೇಲೆ ಯಾವ ಸ್ಕ್ರೀನನ್ನು ಬೇರೆ ಕಾರಣಕ್ಕೆ ತೆರೆದರೂ ಅಲ್ಲಿನ ನಕಲನ್ನು ತೆಗೆದು ಈ ತುಣುಕನ್ನು ಹಾಕಿ. ಕೋಡ್ ರಿವ್ಯೂನಲ್ಲಿ ಅದೇ ಬ್ಲಾಕ್ ಮೂರನೆಯ ಸಲ ಕಂಡರೆ ಒಪ್ಪಿಗೆ ಕೊಡಬೇಡಿ.

ಸ್ಕ್ರೀನಿನ ಮೇಲಿನ ಪ್ರತಿಯೊಂದು ತುಣುಕೂ ಯಾರೋ ಯೋಚಿಸಿ ಮಾಡಿದ ಒಂದು ತೀರ್ಮಾನ. ಆ ತೀರ್ಮಾನ ಒಂದೇ ಜಾಗದಲ್ಲಿದ್ದರೆ ತಪ್ಪನ್ನು ತಿದ್ದಿದ ದಿನ ಎಲ್ಲರಿಗೂ ತಿದ್ದಿದಂತಾಗುತ್ತದೆ. ಇಪ್ಪತ್ತು ಜಾಗದಲ್ಲಿದ್ದರೆ ತಿದ್ದುಪಡಿ ನಮ್ಮ ಕಣ್ಣಿಗೆ ಬಿದ್ದವರಿಗೆ ಮಾತ್ರ ಸಲ್ಲುತ್ತದೆ. ಎದುರು ಪಕ್ಷದವರು ನನ್ನ ಉಳಿದೆಲ್ಲ ಉತ್ತರಗಳನ್ನು ತಳ್ಳಿಹಾಕಿದರೂ ಈ ಒಂದಕ್ಕೆ ಉತ್ತರ ಕೊಡಲಿ: ತಿದ್ದುಪಡಿ ತಲುಪದೆ ಉಳಿದವರಿಗೆ ಅವರು ಏನು ಹೇಳುತ್ತಾರೆ?